ಕಣ್ಣು ತೆರೆಸಿದ ಕೃತಿಗಳು

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದೆ. ಪ್ರವಾಸದ ದಿನ ನಲವತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಮಧ್ಯಾಹ್ನದ ಊಟದ ವೇಳೆಗೆ ಇನ್ನೊಂದು ಸ್ಥಳವನ್ನು ಮುಟ್ಟಬೇಕಾಗಿದ್ದುದರಿಂದ ಮಕ್ಕಳನ್ನು ಒಂದು ಕೊಠಡಿಯಿಂದ ಮತ್ತೊಂದು ಕೊಠಡಿಗೆ ಅಟ್ಟಿಕೊಂಡೇ ಹೋದೆನೆಂದರೂ ಸಲ್ಲುತ್ತದೆ. ಅವರೆಲ್ಲ ವಿಗ್ರಹಗಳ ಕೆಳಗಿದ್ದ ಚೀಟಿಗಳ ಬರಹವನ್ನು ಅವಸರದಿಂದ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರೇ ಹೊರತು ವಿಗ್ರಹಗಳನ್ನು ನೋಡುತ್ತಿರಲಿಲ್ಲ. ಒಬ್ಬ ಹುಡುಗ ಮಾತ್ರ ಕೈ ಮುರಿದ ಕಲ್ಲಿನ ಪ್ರತಿಮೆಯೊಂದರ ಮುಂದೆ ನಿಂತುಬಿಟ್ಟಿದ್ದ. "ಏನು ನೋಡುತ್ತಿದ್ದೀಯೋ? ಬಸ್ಸು ಹೊರಡುತ್ತದೆ" ಎಂದು ಗದರಿಸಿದೆ. "ಕೈ ಮುರಿದುಹೋಗಿದೆ ಸಾರ್. ಆದರೂ ಭುಜ ನೋಡಿದರೆ ಕೈ ಮೇಲಕ್ಕೆತ್ತಿದ್ದ ಅಂತ ಗೊತ್ತಾಗುತ್ತೆ" ಎಂದ. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅವನನ್ನು ಎಳೆದುಕೊಂಡು ಬಂದೆ. ಆ ದಿನ ನಮ್ಮೆಲ್ಲರ ಪೈಕಿ ನಿಜವಾಗಿ ಪ್ರತಿಮೆಯನ್ನು ನೋಡಿದವನು ಅವನೊಬ್ಬನೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ವಸ್ತುಸಂಗ್ರಹಾಲಯಕ್ಕೆ ನಾವು ವರ್ಷಕ್ಕೊಮ್ಮೆಯೋ ಬಾಳಿಗೊಮ್ಮೆಯೋ ಹೋಗುವವರು. ಅಲ್ಲಿಯೇ ದಿನ ಕಳೆಯುವವನೊಬ್ಬನಿದ್ದಾನೆ. ಇಂಗ್ಲಿಷಿನಲ್ಲಿ ಅವನಿಗೆ ಕ್ಯೂರೇಟರ್ ಎಂದು ಹೆಸರು. ಈ ಪಾಠದಲ್ಲಿ ಅವನನ್ನು ಸಂಗ್ರಹಪಾಲಕ ಎಂದು ಕರೆಯೋಣ. ಬಂದ ವಸ್ತುವನ್ನು ದಾಖಲೆ ಪುಸ್ತಕದಲ್ಲಿ ಬರೆಯುವುದು, ಅದಕ್ಕೊಂದು ಸಂಖ್ಯೆ ಕೊಡುವುದು, ಧೂಳು, ತೇವ, ಗೆದ್ದಲುಗಳಿಂದ ಅದನ್ನು ಕಾಪಾಡುವುದು, ಅದು ಎಲ್ಲಿಯದು, ಯಾವ ಕಾಲದ್ದು, ಎಂಥವರ ಕೈಕೆಲಸ ಎಂದು ವಿಚಾರಮಾಡಿ ತಿಳಿಯುವುದು, ಕೊನೆಗೆ ಎರಡು ಸಾಲಿನ ಚೀಟಿ ಬರೆದು ಅದರ ಕೆಳಗಿಡುವುದು, ಇವು ಅವನ ಕೆಲಸ. ಮೂವತ್ತು ವರ್ಷ ಬೀಗದ ಕೈ ಹಿಡಿದಿದ್ದೂ ಒಳಗಿರುವುದನ್ನು ಕಾಣದೆ ನಿವೃತ್ತರಾದವರು ಉಂಟು. ಆದರೆ ಕೆಲವರ ಬಾಳಿನಲ್ಲಿ ಒಂದು ಚಿತ್ರವೋ ಒಂದು ವಿಗ್ರಹವೋ ಅವರನ್ನು ತಡೆದು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಅವರು ಲೋಕವನ್ನು ನೋಡುವ ಬಗೆಯೇ ಬೇರೆಯಾಗುತ್ತದೆ. ತಾವು ಕಂಡುದನ್ನು ಇತರರಿಗೂ ಕಾಣಿಸುವವರೆಗೆ ಅವರಿಗೆ ನೆಮ್ಮದಿಯಿರುವುದಿಲ್ಲ. ಭಾರತದ ಚಿತ್ರ ಶಿಲ್ಪಗಳಿಗೆ ಇಂದು ಲೋಕದಲ್ಲಿ ದೊರೆತಿರುವ ಮನ್ನಣೆಯಲ್ಲಿ ಅಂಥ ಕೆಲವರ ಪಾಲು ದೊಡ್ಡದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ಕಲೆಯ ವಿಷಯದಲ್ಲಿ ಆಳುವವರ ಅಭಿಪ್ರಾಯ ಹೇಗಿತ್ತೆಂಬುದನ್ನು ಮೊದಲು ತಿಳಿಯಬೇಕು. ಭಾರತೀಯರು ಒಳ್ಳೆಯ ಕುಶಲಕರ್ಮಿಗಳು. ಸೀರೆ ನೇಯಬಲ್ಲರು, ದಂತ ಕೆತ್ತಬಲ್ಲರು, ಹಿತ್ತಾಳೆಯಲ್ಲಿ ಸೊಗಸಾದ ಪಾತ್ರೆ ಮಾಡಬಲ್ಲರು. ಆದರೆ ಅವರಲ್ಲಿ ಲಲಿತಕಲೆಯೆಂಬುದಿಲ್ಲ, ನಾಲ್ಕು ಕೈಗಳ ದೇವರ ವಿಗ್ರಹಗಳು ಇತಿಹಾಸದ ದೃಷ್ಟಿಯಿಂದ ಇಡತಕ್ಕವೇ ಹೊರತು ಸೌಂದರ್ಯಕ್ಕಾಗಿ ನೋಡತಕ್ಕವಲ್ಲ, ಎಂಬುದು ಆ ಅಭಿಪ್ರಾಯ. ಸರ್ಕಾರದ ಕಲಾಶಾಲೆಗಳಲ್ಲಿ ನಮ್ಮ ಹುಡುಗರು ಗ್ರೀಕ್ ವಿಗ್ರಹಗಳ ಸುಣ್ಣದ ಅಚ್ಚುಗಳನ್ನು ಮುಂದಿಟ್ಟುಕೊಂಡು ಚಿತ್ರ ಬರೆಯುವುದನ್ನು ಕಲಿಯುತ್ತಿದ್ದರು.

ಅಂಥ ಕಾಲದಲ್ಲಿ, 1884ರಲ್ಲಿ, ಮದರಾಸಿನ ಕಲಾಶಾಲೆಯ ಮುಖ್ಯಸ್ಥನಾಗಿ ಅರ್ನೆಸ್ಟ್ ಹ್ಯಾವೆಲ್ ಎಂಬ ಆಂಗ್ಲ ತರುಣನು ಬಂದನು. ನಮ್ಮವರಿಗೆ ಕಲೆಯನ್ನು ಕಲಿಸಲು ಬಂದವನು ಆತ. ಆದರೆ ಮದರಾಸು ಪ್ರಾಂತದ ನೇಕಾರರು, ಕಂಚುಗಾರರು, ಮರಗೆಲಸದವರು ಇವರ ನಡುವೆ ತಿರುಗಾಡುತ್ತಿದ್ದಂತೆ, ತಾನು ಕಲಿಸುವುದಕ್ಕಿಂತ ಕಲಿಯಬೇಕಾದುದೇ ಹೆಚ್ಚೆಂಬುದು ಆತನಿಗೆ ಮನವರಿಕೆಯಾಯಿತು. 1896ರಲ್ಲಿ ಆತನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಮುಖ್ಯಾಧ್ಯಾಪಕನಾದನು. ಆ ಶಾಲೆಗೆ ಸೇರಿದ ಚಿತ್ರಶಾಲೆಯೊಂದಿತ್ತು. ಅದರ ಪಾಲಕತ್ವವೂ ಆತನ ಹೊಣೆಗೇ ಬಂತು. ಒಳಹೊಕ್ಕು ನೋಡಿದರೆ ಗೋಡೆಗಳ ತುಂಬ ಯುರೋಪಿನ ಚಿತ್ರಗಳು, ಅವುಗಳಲ್ಲೂ ಬಹುಪಾಲು ಎರಡನೆಯ ದರ್ಜೆಯವು. ಹ್ಯಾವೆಲ್ ಮೊಗಲರ ಕಾಲದ ಕಿರುಚಿತ್ರಗಳನ್ನು ಒಂದೊಂದಾಗಿ ಹುಡುಕಿ ಕೊಂಡು ತಂದನು. ಮುಂದೆ ಸರ್ಕಾರದ ಒಪ್ಪಿಗೆ ಪಡೆದು ಆ ಯುರೋಪಿನ ಚಿತ್ರಗಳನ್ನು ಮಾರಿಸಿ, ಆ ಹಣದಿಂದ ಭಾರತೀಯ ಕೃತಿಗಳನ್ನು ಕೊಳ್ಳುವ ಏರ್ಪಾಡು ಮಾಡಿದನು.

ಇದಕ್ಕೆ ಎಲ್ಲರೂ ಸಂತೋಷಪಟ್ಟಿರಬೇಕೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಪಾಠಕ್ರಮವನ್ನು ಹ್ಯಾವೆಲ್ ಭಾರತೀಯ ಪದ್ಧತಿಗೆ ತಿರುಗಿಸುತ್ತಿದ್ದಂತೆ ವಿದ್ಯಾರ್ಥಿಗಳೇ ಪ್ರತಿಭಟಿಸಿದರು. ಕೆಲವರು ಶಾಲೆಯನ್ನು ಬಿಟ್ಟುಹೋಗಿ ಬೇರೊಂದು ಕಲಾಶಾಲೆಯನ್ನೇ ತೆರೆದರು. ಕಲ್ಕತ್ತೆಯ ಪತ್ರಿಕೆಗಳೂ ಆತನನ್ನು ಟೀಕಿಸಿದವು. ಇಂದು ನಾವು ಆ ವಿದ್ಯಾರ್ಥಿಗಳನ್ನು ನೋಡಿ ನಗುವುದು ಸುಲಭ. ಅವರ ಸಂಶಯಕ್ಕೂ ಕಾರಣವಿತ್ತು. ಯುರೋಪಿನ ವಿದ್ಯೆ ಕಲಿತರೆ ಡ್ರಾಯಿಂಗ್ ಮಾಸ್ತರ ಕೆಲಸ ಸಿಕ್ಕೀತು, ಶ್ರೀಮಂತರ ಭಾವಚಿತ್ರ ಬರೆದು ನಾಲ್ಕು ಕಾಸು ಸಂಪಾದಿಸಬಹುದು. ಆ ವಿದ್ಯೆಯನ್ನು ತಮ್ಮಿಂದ ಮರೆಮಾಡಲು ಆಳುವ ದೊರೆಗಳು ಹೂಡಿದ ಉಪಾಯವಿದು ಎಂದು ಅವರು ಬಗೆದರು. ಬೇರೆ ವಿಷಯಗಳಲ್ಲಿ ಅಂಥ ಉಪಾಯಗಳನ್ನು ಕಂಡವರೇ ಅವರು.

ಹ್ಯಾವೆಲ್ಲನ ಚಿತ್ರಶಾಲೆಯಿಂದ ಕಣ್ತೆರೆದವರಲ್ಲಿ ಮುಖ್ಯರು ಅವನೀಂದ್ರನಾಥ ಠಾಕೂರರು. ಕವಿ ರವೀಂದ್ರರ ಅಣ್ಣನ ಮಗನ ಸಾಲಿಗೆ ಸೇರಿದ ಇವರು ಐರೋಪ್ಯ ಗುರುಗಳ ಬಳಿ ತೈಲಚಿತ್ರ ಕಲಿತಿದ್ದರು. ಹ್ಯಾವೆಲ್ ಒಮ್ಮೆ ಅವರ ಮುಂದೆ ಮೊಗಲ್ ಕಿರುಚಿತ್ರವೊಂದನ್ನು ಇಟ್ಟನು. ಅದು ಕೊಕ್ಕರೆಯ ಜಾತಿಯ ಒಂದು ಹಕ್ಕಿಯ ಚಿತ್ರ. ಅಂಗೈಯಗಲದ ಆ ಚಿತ್ರವನ್ನು ಭೂತಗನ್ನಡಿಯ ಮೂಲಕ ನೋಡಿದಾಗ ಅವನೀಂದ್ರರಿಗೆ ಒಂದೊಂದು ಗರಿಯ ಎಳೆ, ಕಾಲಿನ ಒರಟು ತೊಗಲು, ಉಗುರಿನ ತುದಿ ಎಲ್ಲವೂ ಕಂಡವು. ಆ ಬಗೆಯ ಚಿತ್ರ ಸಿದ್ಧವಾಗುತ್ತಿದ್ದ ರೀತಿಯೂ ಸಾಮಾನ್ಯವಾದುದಲ್ಲ. ಕಾಗದವನ್ನು ನುಣುಪಾದ ಅಗೇಟು ಕಲ್ಲಿನಿಂದ ಉಜ್ಜಿ ಉಜ್ಜಿ ಗಾಜಿನಂತೆ ಮಾಡುತ್ತಿದ್ದರು. ಬಣ್ಣದ ಕಲ್ಲುಗಳನ್ನು ಅರೆದು ಬಣ್ಣ ತಯಾರಿಸುತ್ತಿದ್ದರು. ಅಳಿಲಿನ ಬಾಲದ ಕೂದಲಿನಿಂದ ಮಾಡಿದ, ತುದಿಯಲ್ಲಿ ಒಂದೆರಡೇ ಎಳೆ ಉಳಿಯುವ ಕುಂಚದಿಂದ ರೇಖೆ ಎಳೆಯುತ್ತಿದ್ದರು. ತಮ್ಮ ಮನೆಯ ಹಿತ್ತಿಲಲ್ಲಿಯೇ ನಿಧಿಯಿರುವಾಗ ದೂರದೇಶದಲ್ಲಿ ಹುಡುಕುತ್ತಿದ್ದೆವಲ್ಲಾ ಎಂಬ ಭಾವ ಅವನೀಂದ್ರರಲ್ಲಿ ಬಲವಾಯಿತು. ಅವರ ಕೈ ಅಲ್ಲಿಂದ ಬೇರೆ ದಾರಿ ಹಿಡಿಯಿತು. ಮುಂದೆ ಅವರೇ ಆ ಕಲಾಶಾಲೆಯ ಉಪಾಧ್ಯಾಯರಾದರು. ಮೈಸೂರಿನಿಂದ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋದ ನಮ್ಮ ಕೆ. ವೆಂಕಟಪ್ಪನವರು ಅವರ ಬಳಿಯಲ್ಲಿಯೇ ಶಿಷ್ಯವೃತ್ತಿ ಮಾಡಿದರು. ಬೆಂಗಳೂರಿನಲ್ಲಿ ಇಂದು ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯೇ ಇದೆ. ಅವರ ನೀಲಗಿರಿಯ ಜಲವರ್ಣ ಚಿತ್ರಗಳನ್ನು ಬಲ್ಲವರಿಗೆ ಅವರ ರೇಖೆಯ ಶಿಸ್ತನ್ನು ಹೇಳಿ ತಿಳಿಸಬೇಕಾಗಿಲ್ಲ.

ಇನ್ನೊಬ್ಬರ ಕಥೆ ಇದಕ್ಕಿಂತ ವಿಚಿತ್ರವಾದುದು. ಆನಂದ ಕುಮಾರಸ್ವಾಮಿಯವರು ಹುಟ್ಟಿದ್ದು 1877ರಲ್ಲಿ, ಸಿಂಹಳದ ಕೊಲಂಬೊ ನಗರದಲ್ಲಿ. ತಂದೆ ತಮಿಳರು, ಹೆಸರಾಂತ ನ್ಯಾಯವಾದಿಗಳು; ತಾಯಿ ಆಂಗ್ಲ ಮಹಿಳೆ. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡುದರಿಂದ ಬೆಳೆದದ್ದೆಲ್ಲ ಇಂಗ್ಲೆಂಡಿನಲ್ಲಿ. ಅಲ್ಲಿ ಅವರು ಓದಿದ್ದು ಭೂವಿಜ್ಞಾನ. ಸಿಂಹಳದ ಖನಿಜ ಸಮೀಕ್ಷೆಯ ನಿರ್ದೇಶಕರಾಗಿ ಮರಳಿ ಬಂದಾಗ ಅವರ ವಯಸ್ಸು ಇಪ್ಪತ್ತೈದರ ಆಸುಪಾಸು. ಥೋರಿಯಂ ಧಾತು ಹೇರಳವಾಗಿರುವ ಥೋರಿಯನೈಟ್ ಎಂಬ ಖನಿಜವನ್ನು 1904ರಲ್ಲಿ ಲೋಕಕ್ಕೆ ತಿಳಿಯಪಡಿಸಿದ ಕೀರ್ತಿ ಅವರದು. ಅದೇ ದಾರಿಯಲ್ಲಿ ನಡೆದಿದ್ದರೆ ಅವರು ದೊಡ್ಡ ವಿಜ್ಞಾನಿಯೆನಿಸುತ್ತಿದ್ದರು.

ಕಲ್ಲು ಹುಡುಕುತ್ತ ಅವರು ಕ್ಯಾಂಡಿ ಸೀಮೆಯ ಹಳ್ಳಿಹಳ್ಳಿಗಳನ್ನು ಸುತ್ತಬೇಕಾಯಿತು. ಅಲ್ಲಿ ಕುಂಬಾರರು, ಬಡಗಿಗಳು, ದಂತ ಕೆತ್ತುವವರು, ಚಾಪೆ ಹೆಣೆಯುವವರು, ವಿಹಾರಗಳ ಗೋಡೆಗೆ ಚಿತ್ರ ಬರೆಯುವವರು ಅವರ ಕಣ್ಣಿಗೆ ಬಿದ್ದರು. ಹಲವು ತಲೆಮಾರುಗಳಿಂದ ತಂದೆಯಿಂದ ಮಗನಿಗೆ ಇಳಿದುಬಂದ ವಿದ್ಯೆ ಅದು. ಅದೇ ಹಳ್ಳಿಗಳಿಗೆ ಯಂತ್ರದ ಬಟ್ಟೆ, ತಗಡಿನ ಚಾವಣಿ, ಅಗ್ಗದ ವಿಲಾಯತಿ ಸಾಮಾನುಗಳೂ ಬರತೊಡಗಿದ್ದವು. ಹಳೆಯ ವಿಹಾರಗಳನ್ನು ಕೆಡವಿ ರುಚಿಯಿಲ್ಲದೆ ಕಟ್ಟುತ್ತಿದ್ದರು. ಭೂಮಿಯೊಳಗಿನ ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಈ ಕೈಗಳು ಹೋದರೆ ಮತ್ತೆ ಬರಲಾರವು ಎಂಬುದನ್ನು ಆ ಭೂವಿಜ್ಞಾನಿ ಕಂಡುಕೊಂಡರು. 1905ರಲ್ಲಿ ಕ್ಯಾಂಡಿಯ ಮುಖಂಡರಿಗೆ ಒಂದು ಬಹಿರಂಗ ಪತ್ರ ಬರೆದು ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳುವಂತೆ ಕೇಳಿಕೊಂಡರು. ಮರುವರ್ಷ ಹುದ್ದೆಯನ್ನು ಬಿಟ್ಟರು. ತಾವು ಕಂಡ ಕುಶಲಕಲೆಗಳನ್ನು ಕುರಿತ ದೊಡ್ಡ ಗ್ರಂಥವನ್ನು 1908ರಲ್ಲಿ ಹೊರತಂದರು. ಕೈಕೆಲಸವನ್ನು ಕುರಿತ ಪುಸ್ತಕವು ಯಂತ್ರದಲ್ಲಿ ಅಚ್ಚಾಗುವುದು ಅವರಿಗೆ ಒಪ್ಪಿಗೆಯಾಗದೆ ಕೈಯಿಂದ ನಡೆಸುವ ಮುದ್ರಣಯಂತ್ರದಲ್ಲಿ 425 ಪ್ರತಿಗಳನ್ನು ಮಾತ್ರ ಅಚ್ಚುಹಾಕಿಸಿದರು. ಇದು ಸ್ವಲ್ಪ ಅತಿಯಾಯಿತೆಂದು ನನ್ನ ಅಭಿಪ್ರಾಯ. ಏಕೆಂದರೆ ಆ ಪುಸ್ತಕ ಯಾರನ್ನು ಕುರಿತು ಬರೆದುದೋ ಅವರ ಕೈಗೆ ಅದು ಎಂದಾದರೂ ಸಿಕ್ಕಿರಲಾರದು.

ಈ ನಡುವೆ ಲಂಡನ್ನಿನಲ್ಲಿ ಒಂದು ಪ್ರಸಂಗ ನಡೆಯಿತು. 1910ರ ಜನವರಿಯಲ್ಲಿ, ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಎಂಬ ಸಂಸ್ಥೆಯ ಸಭೆಯಲ್ಲಿ, ಹ್ಯಾವೆಲ್ ಭಾರತದಲ್ಲಿ ಕಲೆಯ ಆಡಳಿತವನ್ನು ಕುರಿತು ಉಪನ್ಯಾಸ ಮಾಡಿದನು. ಅಧ್ಯಕ್ಷಪೀಠದಲ್ಲಿ ಇದ್ದವನು ಸರ್ ಜಾರ್ಜ್ ಬರ್ಡ್‌ವುಡ್. ಈತನು ಹುಟ್ಟಿದ್ದು 1832ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಮುಂಬಯಿಯ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಕನಾಗಿ ಅದನ್ನು ಬೆಳೆಸಿದವನು. ಭಾರತದ ಕುಶಲಕೈಗಾರಿಕೆಗಳನ್ನು ಹೊಗಳಿ ಗ್ರಂಥ ಬರೆದವನು. ಅಂಥವನು ಜಾವಾ ದ್ವೀಪದ ಧ್ಯಾನಸ್ಥ ಬುದ್ಧನ ಪ್ರತಿಮೆಯ ಭಾವಚಿತ್ರವನ್ನು ಕುರಿತು, ಕೊಬ್ಬು ಬೆರೆಸಿ ಬೇಯಿಸಿದ ಹಿಟ್ಟಿನ ಕಡುಬೂ ಇದರಷ್ಟೇ ಚೆನ್ನಾಗಿ ಆತ್ಮಶಾಂತಿಯನ್ನು ಸೂಚಿಸಬಲ್ಲದು ಎಂಬರ್ಥದ ಮಾತಾಡಿದನು. ಭಾರತದಲ್ಲಿ ಲಲಿತಕಲೆಯೆಂಬುದನ್ನು ತಾನು ಕಂಡಿಲ್ಲವೆಂದೂ ಹೇಳಿದನು. ಅದೇ ಫೆಬ್ರವರಿ 28ರಂದು ಹದಿಮೂರು ಮಂದಿ ಕಲಾವಿದರೂ ವಿಮರ್ಶಕರೂ ಕೂಡಿ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು, ಬುದ್ಧನ ಪ್ರತಿಮೆಯು ಲೋಕದ ಶ್ರೇಷ್ಠ ಕಲಾಸೃಷ್ಟಿಗಳಲ್ಲಿ ಒಂದೆಂದು ಸಾರಿದರು. ಭಾರತೀಯ ಕಲೆಯನ್ನು ಪರಿಚಯ ಮಾಡಿಕೊಡುವುದಕ್ಕಾಗಿ ಇಂಡಿಯಾ ಸೊಸೈಟಿ ಎಂಬ ಸಂಘವು ಆ ವರ್ಷವೇ ಹುಟ್ಟಿತು. ಬರ್ಡ್‌ವುಡ್ ಭಾರತದ್ವೇಷಿಯಾಗಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ನಮ್ಮ ನೇಕಾರನ ಮಗ್ಗದ ಮುಂದೆ ಕೈಜೋಡಿಸಿ ನಿಲ್ಲಬಲ್ಲವನು ಬುದ್ಧನ ಮುಂದೆ ನಿಂತಾಗ ಏನನ್ನೂ ಕಾಣಲಿಲ್ಲ.

ಆ ವರ್ಷದ ಕೊನೆಯಲ್ಲಿ ಅಲಹಾಬಾದಿನಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ಕಲಾವಿಭಾಗದ ಹೊಣೆಯು ಕುಮಾರಸ್ವಾಮಿಯವರಿಗೆ ಬಂತು. ಅದಕ್ಕಾಗಿ ಅವರು ಉತ್ತರ ಭಾರತವನ್ನು ಸುತ್ತಿ ಚಿತ್ರಗಳನ್ನು ಕೂಡಿಹಾಕಿದರು. ರಾಜಸ್ಥಾನದಲ್ಲಿ ಮತ್ತು ಹಿಮಾಲಯದ ತಪ್ಪಲಿನ ಸಂಸ್ಥಾನಗಳಲ್ಲಿ ಬರೆದ ಸಾವಿರಾರು ಚಿತ್ರಗಳು ಅಂದು ಮೊಗಲ್ ಚಿತ್ರಗಳ ರಾಶಿಯಲ್ಲಿಯೇ ಸೇರಿಹೋಗಿದ್ದವು. ಅವನ್ನು ಎದುರಿಗೆ ಹರಡಿಕೊಂಡು ಕುಳಿತಾಗ ಎರಡರ ಮನಸ್ಸೂ ಬೇರೆಯೆಂಬುದು ಅವರಿಗೆ ಗೋಚರವಾಯಿತು. ಒಂದರಲ್ಲಿ ಬಾದಶಹರ ಆಸ್ಥಾನ, ಬೇಟೆ, ಯುದ್ಧ, ಇಂಥವನೇ ಎಂದು ಗುರುತಿಸಬಹುದಾದ ಸರದಾರರ ಮುಖಗಳು. ಇನ್ನೊಂದರಲ್ಲಿ ಕೃಷ್ಣ, ರಾಧೆ, ದನಗಳು ಮನೆಗೆ ಮರಳುವ ಗೋಧೂಳಿಯ ಹೊತ್ತು, ರೂಪ ತಾಳಿದ ರಾಗರಾಗಿಣಿಯರು, ಮಳೆಗಾಲದ ಮೋಡ. 1916ರಲ್ಲಿ ಅವರು ಪ್ರಕಟಿಸಿದ ರಜಪೂತ ಚಿತ್ರಕಲೆಯನ್ನು ಕುರಿತ ಎರಡು ಸಂಪುಟಗಳಿಂದ ಈ ಚಿತ್ರಗಳಿಗೆ ತಮ್ಮದೇ ಆದ ಹೆಸರು ದೊರೆಯಿತು. ಅವರು ಎಳೆದ ಗೆರೆ ಅಷ್ಟು ಸ್ಪಷ್ಟವಲ್ಲವೆಂದೂ, ಒಂದು ಆಸ್ಥಾನದ ಚಿತ್ರಕಾರರು ಮತ್ತೊಂದಕ್ಕೆ ಹೋಗಿ ಎರಡು ಪದ್ಧತಿಗಳೂ ಬೆರೆಯುತ್ತಿದ್ದುವೆಂದೂ ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಆದರೆ ತಿದ್ದುವುದಕ್ಕೂ ಮೊದಲು ಒಬ್ಬರು ನೋಡಿರಬೇಕಷ್ಟೆ.

ಸೋದರಿ ನಿವೇದಿತಾ ಅವರು ಹಿಂದೂ ಮತ್ತು ಬೌದ್ಧ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. 1911ರಲ್ಲಿ ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ಮುಗಿಸಿಕೊಟ್ಟವರು ಕುಮಾರಸ್ವಾಮಿಯವರೇ. 1913ರಲ್ಲಿ ಹೊರಬಂದ ಆ ಪುಸ್ತಕಕ್ಕೆ ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಅವರ ಶಿಷ್ಯರು ಚಿತ್ರ ಬರೆದರು. ಅದರಲ್ಲಿನ ರಾಮಾಯಣದ ಚಿತ್ರಗಳಲ್ಲಿ ಹಲವು ನಮ್ಮ ವೆಂಕಟಪ್ಪನವರವು.

ಕುಮಾರಸ್ವಾಮಿಯವರ ಹೆಸರನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಬ್ಬಿಸಿದ್ದು ನಟರಾಜನ ವಿಗ್ರಹ. ತಮಿಳುನಾಡಿನಲ್ಲಿ ಚೋಳರ ಕಾಲದ ಸ್ಥಪತಿಗಳು ಮೊದಲು ಜೇನುಮೇಣದಲ್ಲಿ ಪ್ರತಿಮೆಯನ್ನು ತಿದ್ದಿ, ಅದಕ್ಕೆ ಜೇಡಿಮಣ್ಣನ್ನು ಮೆತ್ತಿ ಒಣಗಿಸಿ, ಕಾಯಿಸಿ ಮೇಣವನ್ನು ಹೊರಗೆ ಹರಿಸಿ, ಆ ಟೊಳ್ಳಿನೊಳಗೆ ಕರಗಿದ ಲೋಹವನ್ನು ಎರೆಯುತ್ತಿದ್ದರು. ಮಣ್ಣಿನ ಅಚ್ಚನ್ನು ಒಡೆದೇ ವಿಗ್ರಹವನ್ನು ತೆಗೆಯಬೇಕಾದುದರಿಂದ ಒಂದರಂತೆ ಇನ್ನೊಂದು ಇರುವಂತಿಲ್ಲ. ಬಲಗಡೆಯ ಮೇಲಿನ ಕೈಯಲ್ಲಿ ಡಮರು, ಎಡಗಡೆಯ ಮೇಲಿನ ಕೈಯಲ್ಲಿ ಬೆಂಕಿ, ಒಂದು ಕೈ ಅಭಯ ನೀಡಿದರೆ ಮತ್ತೊಂದು ಮೇಲೆತ್ತಿದ ಪಾದವನ್ನು ತೋರಿಸುತ್ತದೆ. ಬಲಗಾಲು ಅಪಸ್ಮಾರನೆಂಬ ಕುಳ್ಳನನ್ನು ಮೆಟ್ಟಿದೆ. ಸುತ್ತಲೂ ಜ್ವಾಲೆಯ ವೃತ್ತ. ಬರ್ಡ್‌ವುಡ್ಡನ ಕಾಲದ ಪಂಡಿತರಿಗೆ ಇಲ್ಲಿ ಕಂಡದ್ದು ಅಗತ್ಯಕ್ಕಿಂತ ಹೆಚ್ಚಿನ ಎರಡು ಕೈಗಳು. ಕುಮಾರಸ್ವಾಮಿಯವರು ತಮಿಳಿನ ಶೈವಗ್ರಂಥಗಳನ್ನು ಆಧಾರವಾಗಿಟ್ಟುಕೊಂಡು ಒಂದೊಂದು ಕೈಯ ಅರ್ಥವನ್ನೂ ಬಿಡಿಸಿದರು. ಡಮರು ಸೃಷ್ಟಿಯ ನಾದ, ಅಗ್ನಿ ಲಯ, ಅಭಯಹಸ್ತ ಸ್ಥಿತಿ, ಎತ್ತಿದ ಪಾದ ಬಿಡುಗಡೆ, ಕಾಲಡಿಯಲ್ಲಿರುವುದು ಅಜ್ಞಾನ. ಈ ಎಲ್ಲ ಚಲನೆಯ ನಡುವೆ ಮುಖದಲ್ಲಿ ಮಾತ್ರ ಅಲುಗಾಟವಿಲ್ಲ. ಶಿವನ ನರ್ತನವನ್ನು ಕುರಿತ ಈ ಪ್ರಬಂಧವು ಅದೇ ಹೆಸರಿನ ಅವರ ಪುಸ್ತಕದಲ್ಲಿ 1918ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಮದರಾಸು ವಸ್ತುಸಂಗ್ರಹಾಲಯದ ನಟರಾಜನ ಭಾವಚಿತ್ರಗಳನ್ನು ಮಾತ್ರ ಕಂಡು ಫ್ರಾನ್ಸಿನ ಮಹಾಶಿಲ್ಪಿ ರೋದೆನ್ ಬರೆದ ಟಿಪ್ಪಣಿಗಳು 1921ರಲ್ಲಿ ಅಚ್ಚಾದಾಗ, ಅದೇ ಸಂಪುಟದಲ್ಲಿ ಹ್ಯಾವೆಲ್ ಮತ್ತು ಕುಮಾರಸ್ವಾಮಿ ಇಬ್ಬರ ಬರಹಗಳೂ ಇದ್ದವು. 2004ರಲ್ಲಿ ಭಾರತ ಸರ್ಕಾರವು ಜಿನೀವಾದ ಬಳಿಯಿರುವ ಸೆರ್ನ್ ಎಂಬ ಭೌತವಿಜ್ಞಾನ ಸಂಶೋಧನ ಕೇಂದ್ರಕ್ಕೆ ಎರಡು ಮೀಟರು ಎತ್ತರದ ನಟರಾಜನನ್ನು ಕಾಣಿಕೆಯಾಗಿ ಕೊಟ್ಟಿತು. ಅದರ ಬಳಿಯ ಫಲಕದಲ್ಲಿ ಕುಮಾರಸ್ವಾಮಿಯವರ ಮಾತೂ ಇದೆ. ಕಲ್ಲಿನ ವಿಜ್ಞಾನವನ್ನು ಬಿಟ್ಟುಬಂದವರ ಹೆಸರು ವಿಜ್ಞಾನಿಗಳ ಅಂಗಳದಲ್ಲಿಯೇ ನಿಂತಿದೆ.

ಇಷ್ಟೆಲ್ಲ ಕೂಡಿಹಾಕಿದ ಚಿತ್ರಗಳು ಈಗ ಎಲ್ಲಿವೆ ಎಂದು ನೀವು ಕೇಳಬಹುದು. ಕಾಶಿಯಲ್ಲಿ ಒಂದು ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಕಟ್ಟುವುದಾದರೆ ತಮ್ಮ ಸಂಗ್ರಹವನ್ನೆಲ್ಲ ಅದಕ್ಕೆ ಕೊಡುವುದಾಗಿ ಕುಮಾರಸ್ವಾಮಿಯವರು ಮುಂದೆ ಬಂದಿದ್ದರು. ಅದಕ್ಕೆ ಹಣ ಕೂಡಲಿಲ್ಲ. 1917ರಲ್ಲಿ ಅಮೆರಿಕದ ಬಾಸ್ಟನ್ ನಗರದ ಕಲಾವಸ್ತು ಸಂಗ್ರಹಾಲಯವು ಅವರನ್ನು ಭಾರತೀಯ ವಿಭಾಗದ ಪಾಲಕರನ್ನಾಗಿ ಕರೆಯಿತು. ಡೆನ್ಮನ್ ರಾಸ್ ಎಂಬ ದಾನಿಯು ಅವರ ಸಂಗ್ರಹವನ್ನು ಕೊಂಡು ಆ ಸಂಗ್ರಹಾಲಯಕ್ಕೆ ಕೊಟ್ಟನು. ಕಾಂಗ್ರಾ, ಬಸೋಲಿ, ಬಿಕಾನೇರಗಳ ಚಿತ್ರಗಳನ್ನು ಕುರಿತು ಸಂಶೋಧನೆ ಮಾಡಬೇಕೆನ್ನುವ ಭಾರತೀಯ ವಿದ್ಯಾರ್ಥಿಯು ಇಂದಿಗೂ ಬಾಸ್ಟನ್ನಿನ ಕಡೆಗೆ ಮುಖ ಮಾಡಬೇಕಾಗಿದೆ. ಆ ಚಿತ್ರಗಳು ಅಲ್ಲಿ ಹುಳು ಹಿಡಿಯದೆ ಉಳಿದವು, ಲೋಕದ ಜನ ಅವನ್ನು ಕಂಡರು, ಇದೂ ನಿಜವೇ. ಆದರೂ ಕಾಶಿಯಲ್ಲಿ ಆಗದೆ ಹೋದ ಆ ಕಟ್ಟಡವನ್ನು ನೆನೆದಾಗ ನನ್ನ ಮನಸ್ಸು ಚುಚ್ಚುತ್ತದೆ.

ಬಾಸ್ಟನ್ನಿನಲ್ಲಿ ಕುಮಾರಸ್ವಾಮಿಯವರು ಮೂವತ್ತು ವರ್ಷ ಕೆಲಸ ಮಾಡಿದರು. ಒಂದೊಂದು ವಿಗ್ರಹಕ್ಕೂ ಒಂದೊಂದು ಚಿತ್ರಕ್ಕೂ ವಿವರಣೆ ಬರೆದರು, ಸೂಚಿಗ್ರಂಥಗಳನ್ನು ಸಿದ್ಧಪಡಿಸಿದರು, ಸಂಸ್ಕೃತ, ಪಾಳಿ, ಗ್ರೀಕ್, ಲ್ಯಾಟಿನ್ ಗ್ರಂಥಗಳನ್ನು ಪಕ್ಕದಲ್ಲಿ ಪೇರಿಸಿಕೊಂಡು ಓದಿದರು. 1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾಯಿತು. ಆ ತಿಂಗಳ 22ರಂದು ಅವರಿಗೆ ಎಪ್ಪತ್ತು ವರ್ಷ ತುಂಬಿತು. ಆ ಸಂದರ್ಭದಲ್ಲಿ ಕೂಡಿದ್ದ ಸ್ನೇಹಿತರ ಮುಂದೆ, ಕೆಲಸದಿಂದ ನಿವೃತ್ತರಾಗಿ ತಾವೂ ತಮ್ಮ ಪತ್ನಿಯೂ ಭಾರತಕ್ಕೆ ಹಿಂದಿರುಗುವುದಾಗಿ ಅವರು ತಿಳಿಸಿದರು. ಸೆಪ್ಟೆಂಬರ್ 9ರಂದು, ಬಾಸ್ಟನ್ನಿಗೆ ಸಮೀಪದ ನೀಡ್‌ಹ್ಯಾಮ್ ಎಂಬ ಊರಿನ ತಮ್ಮ ಮನೆಯಲ್ಲಿ ತೀರಿಕೊಂಡರು.